ಹಾಲು ಬಿಟ್ಟ ಹಂದಿಮರಿಗೆ ಲೈಸಿನ್ ಲೆಕ್ಕ: ಅಮೈನೊ ಆಮ್ಲಗಳನ್ನು ಅಳೆದು ಆಹಾರ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ನಾನು ಕಂಡಂತೆ ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆ ಹಂದಿ ಸಾಕುವವರು ಮರಿಗಳನ್ನು ಕಳೆದುಕೊಳ್ಳುವ ಕಾಲ ಎರಡು. ಒಂದು, ಹುಟ್ಟಿದ ಮೊದಲ ನಾಲ್ಕು ದಿನ. ಇನ್ನೊಂದು, ತಾಯಿಯಿಂದ ಬೇರ್ಪಡಿಸಿದ ಮೊದಲ ಎರಡು ವಾರ. ಮೊದಲನೆಯದಕ್ಕೆ ಚಳಿ, ತಾಯಿಯ ಮೈಯಡಿ ಸಿಕ್ಕಿಬೀಳುವುದು, ಗಿಣ್ಣುಹಾಲು ಸಾಲದಿರುವುದು ಕಾರಣವೆಂದು ಎಲ್ಲರೂ ಬಲ್ಲರು. ಎರಡನೆಯದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಕಾರಣ. ಆದರೆ ಪರಿಹಾರ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಪ್ರೋಟೀನ್ ಜಾಸ್ತಿ ಇರುವ ಫೀಡ್ ಹಾಕಿ. ಈ ಸಲಹೆಯನ್ನು ಪಾಲಿಸಿ ಭೇದಿಯನ್ನು ಹೆಚ್ಚಿಸಿಕೊಂಡವರಲ್ಲಿ ನಾನೂ ಒಬ್ಬ. ಹಾಲು ಬಿಟ್ಟ ಮರಿಗೆ ಬೇಕಾಗಿರುವುದು ಹೆಚ್ಚು ಪ್ರೋಟೀನ್ ಅಲ್ಲ, ಸರಿಯಾದ ಅಮೈನೊ ಆಮ್ಲಗಳು (ಪ್ರೋಟೀನ್ ಕಟ್ಟಲು ಬೇಕಾದ ಬಿಡಿ ಘಟಕಗಳು), ಅದರಲ್ಲಿಯೂ ಜೀರ್ಣವಾಗಿ ರಕ್ತಕ್ಕೆ ಸೇರುವ ಲೈಸಿನ್. ಅದನ್ನು ನಮ್ಮ ಭಾಗದಲ್ಲಿ ದೊರೆಯುವ ಸಾಮಗ್ರಿಗಳಿಂದ ಗ್ರಾಂ ಲೆಕ್ಕದಲ್ಲಿ ಹೊಂದಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಚೀಲದ ಮೇಲಿನ ಪ್ರೋಟೀನ್ ಅಂಕಿ

ಆಹಾರದ ಚೀಲದ ಮೇಲೆ ಮುದ್ರಿಸುವ ಕಚ್ಚಾ ಪ್ರೋಟೀನ್ ಎಂಬುದು ನಿಜವಾಗಿ ಪ್ರೋಟೀನನ್ನು ಅಳೆದು ಬರೆದ ಅಂಕಿಯಲ್ಲ. ಪ್ರಯೋಗಾಲಯದಲ್ಲಿ ಸಾರಜನಕವನ್ನು ಅಳೆದು, ಅದನ್ನು 6.25ರಿಂದ ಗುಣಿಸಿ ಆ ಅಂಕಿಯನ್ನು ಪಡೆಯುತ್ತಾರೆ. ಆದ್ದರಿಂದ ಯೂರಿಯಾ ಬೆರೆಸಿದ ಮೀನಿನ ಪುಡಿಯೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಲೈಸಿನ್ ಕಡಿಮೆಯಿರುವ ಕಡಲೆಕಾಯಿ ಹಿಂಡಿಯೂ ಸೋಯಾ ಹಿಂಡಿಯ ಸಮಕ್ಕೆ ನಿಲ್ಲುತ್ತದೆ.

ಮರಿಯ ಮೈಯಲ್ಲಿ ಮಾಂಸ ಕಟ್ಟುವ ಕೆಲಸವನ್ನು ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಹಾರ ಕಟ್ಟುವವರ ಕೆಲಸಕ್ಕೆ ಹೋಲಿಸಬಹುದು. ಎರಡು ಸೇವಂತಿಗೆ, ಒಂದು ಕನಕಾಂಬರ, ಒಂದು ಎಸಳು ಮರುಗ ಎಂಬ ಸರತಿಯಲ್ಲಿ ಹಾರ ಸಾಗುತ್ತಿರುವಾಗ ಕನಕಾಂಬರ ಮುಗಿದರೆ, ಬುಟ್ಟಿಯ ತುಂಬ ಸೇವಂತಿಗೆ ಇದ್ದರೂ ಹಾರ ಅಲ್ಲಿಗೇ ನಿಲ್ಲುತ್ತದೆ. ಜೋಳ, ನುಚ್ಚಕ್ಕಿ, ಹಿಂಡಿಗಳನ್ನು ಬೆರೆಸಿದ ಹಂದಿ ಆಹಾರದಲ್ಲಿ ಹೀಗೆ ಮೊದಲು ಮುಗಿಯುವುದು ಸಾಮಾನ್ಯವಾಗಿ ಲೈಸಿನ್. ಅದರ ಬೆನ್ನಿಗೆ ಥ್ರಿಯೊನಿನ್, ಮೆಥಿಯೊನಿನ್, ಟ್ರಿಪ್ಟೊಫಾನ್, ಬಳಿಕ ವ್ಯಾಲಿನ್ ಸಾಲುಗಟ್ಟಿ ನಿಂತಿರುತ್ತವೆ. ಉಳಿದ ಅಮೈನೊ ಆಮ್ಲಗಳನ್ನು ಮರಿಯು ಕೂಡಿಡಲಾರದು. ಯಕೃತ್ತು ಅವುಗಳನ್ನು ಒಡೆದು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ, ಅದಕ್ಕೂ ಶಕ್ತಿ ವ್ಯಯವಾಗುತ್ತದೆ.

ಹಾಲು ಬಿಡಿಸಿದ ವಾರ ಹೊಟ್ಟೆಯೊಳಗೆ ಆಗುವುದೇನು

ತಾಯಿಹಂದಿಯ ಹಾಲಿನ ಒಣ ಅಂಶದಲ್ಲಿ ಸುಮಾರು ಶೇ 30 ಪ್ರೋಟೀನ್ ಇರುತ್ತದೆಯಾದರೂ ಅದರಿಂದ ಮರಿಗೆ ಭೇದಿಯಾಗುವುದಿಲ್ಲ, ಏಕೆಂದರೆ ಆ ಪ್ರೋಟೀನ್ ಬಹುಮಟ್ಟಿಗೆ ಪೂರ್ತಿ ಜೀರ್ಣವಾಗುತ್ತದೆ. ಹೆಚ್ಚು ಕಡಿಮೆ ಗಂಟೆಗೊಮ್ಮೆ ಬೆಚ್ಚಗಿನ ಹಾಲು ಕುಡಿಯುತ್ತಿದ್ದ ಮರಿಯನ್ನು ಒಂದು ಬೆಳಿಗ್ಗೆ ಬೇರೆ ಕೊಠಡಿಗೆ ಹಾಕಿ ಒಣಹಿಟ್ಟನ್ನು ಮುಂದಿಟ್ಟರೆ, ಅನೇಕ ಮರಿಗಳು ಮೊದಲ ದಿನ ಬಾಯಿಯನ್ನೇ ಹಾಕುವುದಿಲ್ಲ, ಕೆಲವು ಎರಡನೆಯ ದಿನವೂ ಮುಟ್ಟುವುದಿಲ್ಲ. ಸಣ್ಣಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನೂಲಿನಂತೆ ನಿಂತಿರುವ ಸೂಕ್ಷ್ಮ ಬೆರಳುಗಳು ಆಹಾರವಿಲ್ಲದೆ ಈ ಅವಧಿಯಲ್ಲಿ ಕುಗ್ಗುತ್ತವೆ, ಹೀರಿಕೊಳ್ಳುವ ಮೇಲ್ಮೈ ಕಡಿಮೆಯಾಗುತ್ತದೆ. ಬಳಿಕ ಹಸಿವು ತಡೆಯಲಾರದೆ ಮರಿ ಒಮ್ಮೆಲೇ ಮುಕ್ಕುತ್ತದೆ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹುಳಿಯಾಗಿ ಹೊಟ್ಟೆಯನ್ನು ಆಮ್ಲೀಯವಾಗಿ ಇಡುತ್ತಿತ್ತು. ಹಾಲು ನಿಂತ ಕೂಡಲೆ ಆ ಹುಳಿ ಇಲ್ಲವಾಗುತ್ತದೆ, ಮರಿಯ ಹೊಟ್ಟೆ ಇನ್ನೂ ಸಾಕಷ್ಟು ಆಮ್ಲವನ್ನು ತಾನಾಗಿ ಸ್ರವಿಸಲು ಕಲಿತಿರುವುದಿಲ್ಲ. ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಚೆನ್ನಾಗಿ ಕೆಲಸ ಮಾಡುವುದು ಹುಳಿಯ ಅಳತೆಯಾದ ಪಿಎಚ್ 2ರಿಂದ 3.5ರ ನಡುವೆ ಇದ್ದಾಗ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಹೊಟ್ಟೆಯ ಪಿಎಚ್ 5ರ ಬಳಿ ನಿಂತರೆ ಸೋಯಾ ಪ್ರೋಟೀನ್ ಅರೆಬರೆ ಜೀರ್ಣವಾಗಿ ದೊಡ್ಡಕರುಳಿಗೆ ಜಾರುತ್ತದೆ. ಅಲ್ಲಿ ಅದು ಕೊಳೆತು ಅಮೋನಿಯಾ ಮತ್ತು ಅಮೈನ್‌ಗಳಾಗುತ್ತದೆ, ಇ. ಕೋಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬವಾಗುತ್ತದೆ. ಹಾಲು ಬಿಡಿಸಿದ ನಾಲ್ಕನೆಯ ದಿನದಿಂದ ಹತ್ತನೆಯ ದಿನದೊಳಗೆ ಕಾಣುವ ನೀರುಭೇದಿಯ ಹಿಂದೆ ಬಹಳ ಸಲ ಈ ಕತೆಯೇ ಇರುತ್ತದೆ.

ಮೊದಲ ಹೆಜ್ಜೆ: ಮರಿಯನ್ನು ತೂಗುವುದು, ಗುರಿಯನ್ನು ನಿರ್ಧರಿಸುವುದು

ವಯಸ್ಸನ್ನು ನೋಡಿ ಆಹಾರ ನಿರ್ಧರಿಸುವುದು ಸುಲಭವಾದರೂ ಸರಿಯಲ್ಲ. 28 ದಿನದ ಮರಿ 5 ಕೆ.ಜಿ. ಇರಬಹುದು, 8 ಕೆ.ಜಿ.ಯೂ ಇರಬಹುದು. ಗೋಣಿಚೀಲದಲ್ಲಿ ಮರಿಯನ್ನು ಇಳಿಬಿಟ್ಟು ತಕ್ಕಡಿಗೆ ಸಿಕ್ಕಿಸಿದರೆ ಒಂದು ಸೂಲಿನ ಹತ್ತು ಮರಿಗಳ ತೂಕ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2012ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, 5ರಿಂದ 7 ಕೆ.ಜಿ. ತೂಕದ ಮರಿಯ ಆಹಾರದಲ್ಲಿ ಜೀರ್ಣವಾಗುವ ಲೈಸಿನ್ ಶೇ 1.50, 7ರಿಂದ 11 ಕೆ.ಜಿ.ಗೆ ಶೇ 1.35, 11ರಿಂದ 25 ಕೆ.ಜಿ.ಗೆ ಶೇ 1.23 ಇರಬೇಕು. ಇವು ವೇಗವಾಗಿ ಬೆಳೆಯುವ ವಿದೇಶಿ ತಳಿಗಳ ಅಂಕಿಗಳು. ನಮ್ಮಲ್ಲಿ ಸಾಕುವ ಲಾರ್ಜ್ ವೈಟ್ ಯಾರ್ಕ್‌ಶೈರ್, ಲ್ಯಾಂಡ್ರೇಸ್ ಮತ್ತು ಅವುಗಳ ಮಿಶ್ರತಳಿಗಳಿಗೆ ಮೊದಲ ಎರಡು ವಾರ ಶೇ 1.4 ಇಟ್ಟುಕೊಂಡರೆ ಸಾಕೆಂಬುದು ನನ್ನ ನಿಲುವು. ನಾಟಿ ಕಪ್ಪುಹಂದಿಯ ಮರಿಗಳಿಗೆ ಇಷ್ಟು ದುಬಾರಿ ಆಹಾರ ಬೇಕಾಗಿಲ್ಲ.

ಲೈಸಿನ್ನನ್ನು 100 ಎಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸುವುದು ಪದ್ಧತಿ. ಥ್ರಿಯೊನಿನ್ 60ರಿಂದ 65, ಮೆಥಿಯೊನಿನ್ ಮತ್ತು ಸಿಸ್ಟೀನ್ ಸೇರಿ 55ರಿಂದ 60, ಟ್ರಿಪ್ಟೊಫಾನ್ 17ರಿಂದ 20, ವ್ಯಾಲಿನ್ 63ರಿಂದ 68 ಇದ್ದರೆ ಹೊಂದಾಣಿಕೆ ಸರಿಯಿದೆ ಎನ್ನಬಹುದು. ಕೊಠಡಿ ತೇವವಾಗಿದ್ದು ಹಳೆಯ ಸಗಣಿ ಉಳಿದಿರುವ ಕಡೆ ಥ್ರಿಯೊನಿನ್ ಮತ್ತು ಟ್ರಿಪ್ಟೊಫಾನ್‌ಗಳನ್ನು ಮೇಲಿನ ಅಂಚಿಗೆ ಇಡುವುದು ಒಳ್ಳೆಯದು. ಕರುಳಿನ ಗೋಡೆಯನ್ನು ಕಾಯುವ ಲೋಳೆಯಲ್ಲಿ ಥ್ರಿಯೊನಿನ್ ಬಹಳ ಇರುತ್ತದೆ, ಸೋಂಕಿನೊಡನೆ ಹೋರಾಡುವ ಮೈ ಟ್ರಿಪ್ಟೊಫಾನನ್ನು ಹೆಚ್ಚು ಖರ್ಚು ಮಾಡುತ್ತದೆ, ಮತ್ತು ಟ್ರಿಪ್ಟೊಫಾನ್ ಕೊರತೆಯಾದರೆ ಮೊದಲು ಇಳಿಯುವುದು ಮರಿಯ ಹಸಿವೇ.

ಶೇಕಡಾವಾರು ಅಂಕಿಯನ್ನು ಗ್ರಾಂಗೆ ತಿರುಗಿಸಿ ನೋಡುವ ಅಭ್ಯಾಸವಿರಲಿ. ಈ ವಯಸ್ಸಿನಲ್ಲಿ ಒಂದು ಕೆ.ಜಿ. ತೂಕ ಏರಲು ಸುಮಾರು 20 ಗ್ರಾಂ ಜೀರ್ಣವಾಗುವ ಲೈಸಿನ್ ಬೇಕು. ಶೇ 1.4 ಲೈಸಿನ್ ಇರುವ ಆಹಾರವನ್ನು ಮರಿ ದಿನಕ್ಕೆ 250 ಗ್ರಾಂ ತಿಂದರೆ ಅದಕ್ಕೆ 3.5 ಗ್ರಾಂ ಲೈಸಿನ್ ಸಿಕ್ಕು 175 ಗ್ರಾಂ ಬೆಳವಣಿಗೆಗೆ ಸಾಲುತ್ತದೆ. ಅದೇ ಆಹಾರವನ್ನು 100 ಗ್ರಾಂ ಮಾತ್ರ ತಿಂದರೆ 70 ಗ್ರಾಂ ಬೆಳವಣಿಗೆ. ಸೂತ್ರ ಎಷ್ಟೇ ಸರಿಯಿದ್ದರೂ ತಿನ್ನಿಸುವ ಕೌಶಲವಿಲ್ಲದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ.

ಎರಡನೆಯ ಹೆಜ್ಜೆ: ಸಾಮಗ್ರಿಗಳನ್ನು ಆರಿಸಿ ಪರೀಕ್ಷಿಸುವುದು

ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಮೊದಲು ಕೊಡುತ್ತೇನೆ. ಒಂದು ಕೆ.ಜಿ. ಸಾಮಗ್ರಿಯಲ್ಲಿ ಜೀರ್ಣವಾಗುವ ಲೈಸಿನ್ ಸುಮಾರಾಗಿ ಮುಸುಕಿನ ಜೋಳದಲ್ಲಿ 1.85 ಗ್ರಾಂ, ನುಚ್ಚಕ್ಕಿಯಲ್ಲಿ 2.4, ಎಣ್ಣೆ ತೆಗೆದ ಸೋಯಾ ಹಿಂಡಿಯಲ್ಲಿ 24.7, ಕಡಲೆಕಾಯಿ ಹಿಂಡಿಯಲ್ಲಿ 11.5, ಶೇ 60 ಪ್ರೋಟೀನ್ ಇರುವ ಮೀನಿನ ಪುಡಿಯಲ್ಲಿ 38, ಕೆನೆ ತೆಗೆದ ಹಾಲಿನ ಪುಡಿಯಲ್ಲಿ 26, ಹಾಲೊಡಕಿನ ಪುಡಿಯಲ್ಲಿ 8.7 ಗ್ರಾಂ ಇರುತ್ತದೆ.

ಬಾಗೇಪಲ್ಲಿ, ಪಾವಗಡ, ಶಿರಾ ಕಡೆಯವರಿಗೆ ಕಡಲೆಕಾಯಿ ಹಿಂಡಿ ಮನೆಬಾಗಿಲಲ್ಲಿಯೇ ಸಿಗುವುದರಿಂದ ಅದನ್ನು ಸೋಯಾ ಬದಲಿಗೆ ಹಾಕುವ ಆಸೆ ಸಹಜ. ಆದರೆ 18 ಕೆ.ಜಿ. ಸೋಯಾ ಹಿಂಡಿ 445 ಗ್ರಾಂ ಲೈಸಿನ್ ಕೊಡುವ ಜಾಗದಲ್ಲಿ ಅಷ್ಟೇ ಕಡಲೆಕಾಯಿ ಹಿಂಡಿ ಕೊಡುವುದು 207 ಗ್ರಾಂ ಮಾತ್ರ. ಕೊರತೆಯನ್ನು ಲೈಸಿನ್ ಪುಡಿಯಿಂದ ತುಂಬಬಹುದು ಎಂದುಕೊಂಡರೂ ಥ್ರಿಯೊನಿನ್, ಮೆಥಿಯೊನಿನ್‌ಗಳಲ್ಲಿಯೂ ಅದು ಹಿಂದೆಯೇ ಇದೆ. ಇದಕ್ಕಿಂತ ದೊಡ್ಡ ತೊಂದರೆ ಬೂಷ್ಟಿನದು. ಮಳೆಗೆ ಸಿಕ್ಕ ಕಾಯಿಯಿಂದ ತೆಗೆದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇದ್ದರೆ ಕಣ್ಣಿಗೆ ಕಾಣದು, ಮರಿಯ ಯಕೃತ್ತು ಮಾತ್ರ ಹಾಳಾಗುತ್ತದೆ. ಹತ್ತು ವಾರ ತುಂಬುವವರೆಗೆ ಕಡಲೆಕಾಯಿ ಹಿಂಡಿಯನ್ನು ನಾನು ಮರಿಗಳ ತೊಟ್ಟಿಯ ಹತ್ತಿರಕ್ಕೂ ತರುವುದಿಲ್ಲ.

ಸೋಯಾ ವಿಷಯದಲ್ಲಿ ನಾನೇ ಎಡವಿದ್ದನ್ನು ಹೇಳಬೇಕು. ಆರಂಭದ ವರ್ಷಗಳಲ್ಲಿ ಒಮ್ಮೆ ಹಿಂಡಿಯ ಬದಲು ಹಸಿ ಸೋಯಾಕಾಳನ್ನೇ ತಂದು ಮಿಲ್ಲಿನಲ್ಲಿ ಬೀಸಿಸಿ, ಎಣ್ಣೆಯೂ ಪ್ರೋಟೀನೂ ಒಟ್ಟಿಗೆ ಸಿಕ್ಕಿತೆಂದು ಹಿಗ್ಗಿದ್ದೆ. ಐದನೆಯ ದಿನಕ್ಕೆ ಕೊಠಡಿಯ ಹನ್ನೊಂದು ಮರಿಗಳ ಪೈಕಿ ಏಳಕ್ಕೆ ಭೇದಿ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಎಂಬ ಜೀರ್ಣರಸವನ್ನು ತಡೆಯುವ ವಸ್ತುಗಳಿವೆ, ಚೆನ್ನಾಗಿ ಬೆಂದಾಗ ಮಾತ್ರ ಅವು ನಾಶವಾಗುತ್ತವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಈಗ ಹಿಂಡಿಯ ಪ್ರತಿ ಹೊಸ ಚೀಲ ಬಂದಾಗಲೂ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಮುಚ್ಚಳವಿರುವ ಗಾಜಿನ ಬಾಟಲಿಗೆ ಎರಡು ಚಮಚ ಹಿಂಡಿ, ಅರ್ಧ ಚಮಚ ಯೂರಿಯಾ ಗೊಬ್ಬರ, ಒದ್ದೆಯಾಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ ಮುಚ್ಚಿಟ್ಟು, ಅರ್ಧ ಗಂಟೆಯ ನಂತರ ಮುಚ್ಚಳ ತೆಗೆದು ಮೂಸಬೇಕು. ಮೂಗಿಗೆ ಚುಚ್ಚುವಂತೆ ಅಮೋನಿಯಾ ವಾಸನೆ ಬಂದರೆ ಹಿಂಡಿ ಸರಿಯಾಗಿ ಬೆಂದಿಲ್ಲ. ಆ ಬಾಟಲಿಯಲ್ಲಿದ್ದುದನ್ನು ಗಿಡದ ಬುಡಕ್ಕೆ ಚೆಲ್ಲಬೇಕೇ ಹೊರತು ಪ್ರಾಣಿಗಳಿಗೆ ಹಾಕಬಾರದು.

ಅತಿಯಾಗಿ ಕಾಯಿಸುವುದೂ ಅಷ್ಟೇ ಕೆಡುಕು. ಹೆಚ್ಚು ಶಾಖದಲ್ಲಿ ಲೈಸಿನ್ ಸಕ್ಕರೆಯೊಡನೆ ಕೂಡಿಕೊಂಡು, ಮರಿಗೆ ಬಳಸಲು ಬಾರದ ರೂಪಕ್ಕೆ ತಿರುಗುತ್ತದೆ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುವ ಸೋಯಾ ಹಿಂಡಿ ಮತ್ತು ಹಳದಿಗಟ್ಟಿ ಗಂಟು ಕಟ್ಟಿದ ಹಾಲಿನ ಪುಡಿ ಎರಡರಲ್ಲಿಯೂ ಪ್ರೋಟೀನ್ ಅಂಕಿ ಹಾಗೆಯೇ ಇದ್ದು ಲೈಸಿನ್ ಸತ್ತಿರುತ್ತದೆ. ಆಹಾರವನ್ನು ಗಂಜಿ ಮಾಡುವವರು ಕುದಿಯುವ ನೀರು ಸುರಿಯದೆ ಉಗುರುಬೆಚ್ಚಗಿನ ನೀರನ್ನೇ ಬಳಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಮೀನಿನ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ, ಮೇಲಿನ ನೀರನ್ನು ನಾಲಗೆಗೆ ಸೋಕಿಸಿದರೆ ಉಪ್ಪಿನ ಅಳತೆ ತಿಳಿಯುತ್ತದೆ. ಒಣಮೀನಿನ ಚೂರುಪಾರುಗಳಿಂದ ಮಾಡಿದ ಪುಡಿಯಲ್ಲಿ ಉಪ್ಪು ಅತಿಯಾಗಿದ್ದು, ಅದೇ ದಿನ ನಲ್ಲಿಯ ನೀರೂ ನಿಂತರೆ, ಮರಿಗಳು ನಾಯಿಯಂತೆ ಕುಳಿತು ನಡುಗಿ ಬೀಳುವ ಉಪ್ಪಿನ ವಿಷಬಾಧೆ ಬರುತ್ತದೆ.

ಶಿಡ್ಲಘಟ್ಟದ ರೀಲರ್‌ಗಳ ಬಳಿ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಹುಳುವಿನ ಪ್ಯೂಪಾ ನಮ್ಮ ಭಾಗದ ವಿಶೇಷ ಸಂಪತ್ತು. ಒಣಗಿಸಿದ ಪ್ಯೂಪಾದಲ್ಲಿ ಪ್ರೋಟೀನ್ ಶೇ 50ಕ್ಕೂ ಹೆಚ್ಚಿದ್ದು, ಲೈಸಿನ್ ಮತ್ತು ಮೆಥಿಯೊನಿನ್ ಎರಡೂ ಚೆನ್ನಾಗಿವೆ. ತೊಂದರೆಯೆಂದರೆ ತೂಕದ ಕಾಲು ಭಾಗದಷ್ಟು ಎಣ್ಣೆಯೂ ಅದರಲ್ಲಿದೆ. ಹಸಿಯಾಗಿ ಒಂದು ದಿನ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿ ಒಂದು ತಿಂಗಳು ಇಟ್ಟರೆ ಎಣ್ಣೆ ಕನರುತ್ತದೆ. ಎಣ್ಣೆ ತೆಗೆದ ಪ್ಯೂಪಾ ಪುಡಿ ಸಿಕ್ಕಿದರೆ ಎರಡನೆಯ ಹಂತದ ಆಹಾರದಲ್ಲಿ ಮೀನಿನ ಪುಡಿಯ ಬದಲಿಗೆ ಶೇ 3ರವರೆಗೆ ಬಳಸಬಹುದು. ಮೊದಲ ಎರಡು ವಾರ ಬೇಡ. ಅದರ ವಾಸನೆಗೆ ಎಳೆಯ ಮರಿಗಳು ಮುಖ ತಿರುಗಿಸುತ್ತವೆ.

ರಾಗಿ ಅಂಬಲಿ ಕುಡಿಸಿದರೆ ಮರಿಗಳು ಗಟ್ಟಿಯಾಗುತ್ತವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರಾಗಿಯಲ್ಲಿ ಸುಣ್ಣದಂಶ ಧಾರಾಳವಾಗಿದೆ, ಮೆಥಿಯೊನಿನ್ ಕೂಡ ಪರವಾಗಿಲ್ಲ, ಆದರೆ ಲೈಸಿನ್ ಬಹಳ ಕಡಿಮೆ. ದಿನಕ್ಕೆ ಎರಡು ಹೊತ್ತು ಅಂಬಲಿಯಲ್ಲಿಯೇ ಹೊಟ್ಟೆ ತುಂಬಿಸಿದರೆ ಆ ಪುಟ್ಟ ಹೊಟ್ಟೆಯಲ್ಲಿ ಒಳ್ಳೆಯ ಆಹಾರಕ್ಕೆ ಜಾಗವೇ ಇರುವುದಿಲ್ಲ. ಹುರುಳಿಯಲ್ಲಿ ಲೈಸಿನ್ ಇದೆಯಾದರೂ ಜೀರ್ಣವನ್ನು ತಡೆಯುವ ವಸ್ತುಗಳೂ ಇರುವುದರಿಂದ, ಬೇಯಿಸಿ ದೊಡ್ಡ ಹಂದಿಗಳಿಗೆ ಕೊಡುವುದು ಲೇಸು. ಹೋಟೆಲ್ ಮತ್ತು ಕಲ್ಯಾಣಮಂಟಪಗಳ ಮುಸುರೆಯ ಮಾತನ್ನು ಈ ವಯಸ್ಸಿನಲ್ಲಿ ಎತ್ತಲೇಬಾರದು. ಅದರಲ್ಲಿ ಲೈಸಿನ್ ಎಷ್ಟಿದೆ ಎಂಬ ಲೆಕ್ಕವೂ ಇಲ್ಲ. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲಗಳಲ್ಲಿ ಕಾಣಿಸಿಕೊಂಡು ದೇಶದೊಳಕ್ಕೆ ಬಂದ ಆಫ್ರಿಕನ್ ಹಂದಿ ಜ್ವರ ಹರಡುವ ದಾರಿಗಳಲ್ಲಿ ಬೇಯಿಸದ ಮುಸುರೆಯೂ ಒಂದು.

ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್ ಪುಡಿಗಳನ್ನು ಕೋಳಿ ಆಹಾರದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ವಿಚಾರಿಸಬೇಕು. ಲೈಸಿನ್ ಎರಡು ರೂಪಗಳಲ್ಲಿ ಬರುತ್ತದೆ. ಹೈಡ್ರೋಕ್ಲೋರೈಡ್ ರೂಪದಲ್ಲಿ ಲೈಸಿನ್ ಶೇ 78 ಇರುತ್ತದೆ, ಸಲ್ಫೇಟ್ ರೂಪದಲ್ಲಿ ಸಾಮಾನ್ಯವಾಗಿ ಶೇ 55ರ ಆಸುಪಾಸು. ಅಂಗಡಿಯವರು ಎರಡನ್ನೂ ಲೈಸಿನ್ ಎಂದೇ ಕರೆಯುವುದರಿಂದ ಚೀಲದ ಚೀಟಿಯನ್ನು ಓದಿಯೇ ತರಬೇಕು. ಹೈಡ್ರೋಕ್ಲೋರೈಡ್ 500 ಗ್ರಾಂ ಬೇಕಾದ ಕಡೆ ಸಲ್ಫೇಟ್ 710 ಗ್ರಾಂ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಮೊದಲ ಎರಡು ವಾರದ ಆಹಾರ

ಆರರಿಂದ ಒಂಬತ್ತು ಕೆ.ಜಿ. ತೂಕದ ಮರಿಗಳಿಗೆ ನಾನು ಬಳಸುವ 100 ಕೆ.ಜಿ. ಮಿಶ್ರಣ ಹೀಗಿದೆ:

ಮುಸುಕಿನ ಜೋಳದ ಹಿಟ್ಟು – 44 ಕೆ.ಜಿ.
ನುಚ್ಚಕ್ಕಿ ಹಿಟ್ಟು – 12 ಕೆ.ಜಿ.
ಸೋಯಾ ಹಿಂಡಿ – 18 ಕೆ.ಜಿ.
ಮೀನಿನ ಪುಡಿ – 5 ಕೆ.ಜಿ.
ಕೆನೆ ತೆಗೆದ ಹಾಲಿನ ಪುಡಿ – 8 ಕೆ.ಜಿ.
ಹಾಲೊಡಕಿನ ಪುಡಿ – 8 ಕೆ.ಜಿ.
ಅಡುಗೆ ಎಣ್ಣೆ – 2 ಕೆ.ಜಿ.
ಡೈಕ್ಯಾಲ್ಸಿಯಂ ಫಾಸ್ಫೇಟ್ – 1 ಕೆ.ಜಿ.
ಖನಿಜ ಮತ್ತು ವಿಟಮಿನ್ ಮಿಶ್ರಣ – 500 ಗ್ರಾಂ
ಸುಣ್ಣಕಲ್ಲಿನ ಪುಡಿ – 280 ಗ್ರಾಂ
ಉಪ್ಪು – 250 ಗ್ರಾಂ
ಲೈಸಿನ್ ಹೈಡ್ರೋಕ್ಲೋರೈಡ್ – 500 ಗ್ರಾಂ
ಥ್ರಿಯೊನಿನ್ – 220 ಗ್ರಾಂ
ಮೆಥಿಯೊನಿನ್ – 200 ಗ್ರಾಂ
ಟ್ರಿಪ್ಟೊಫಾನ್ – 50 ಗ್ರಾಂ

ಲೈಸಿನ್ ಲೆಕ್ಕವನ್ನು ಒಮ್ಮೆ ಕೂಡಿ ನೋಡೋಣ. ಜೋಳದಿಂದ 81 ಗ್ರಾಂ, ನುಚ್ಚಕ್ಕಿಯಿಂದ 29, ಸೋಯಾದಿಂದ 445, ಮೀನಿನ ಪುಡಿಯಿಂದ 190, ಹಾಲಿನ ಪುಡಿಯಿಂದ 208, ಹಾಲೊಡಕಿನಿಂದ 70, ಒಟ್ಟು 1,023 ಗ್ರಾಂ. ಅದಕ್ಕೆ ಲೈಸಿನ್ ಪುಡಿಯಿಂದ 390 ಗ್ರಾಂ ಸೇರಿದರೆ 1,413 ಗ್ರಾಂ, ಅಂದರೆ ಶೇ 1.41. ಕಚ್ಚಾ ಪ್ರೋಟೀನ್ ಮಾತ್ರ ಶೇ 20.5ರ ಒಳಗೇ ನಿಂತಿದೆ. ಪುಡಿರೂಪದ ಅಮೈನೊ ಆಮ್ಲಗಳಿಲ್ಲದೆ ಇದೇ ಲೈಸಿನ್ನನ್ನು ಸೋಯಾದಿಂದಲೇ ಪಡೆಯಲು ಹೊರಟರೆ ಜೋಳವನ್ನು ತೆಗೆದು ಇನ್ನೂ 17 ಕೆ.ಜಿ. ಹಿಂಡಿ ಹಾಕಬೇಕಾಗುತ್ತದೆ, ಪ್ರೋಟೀನ್ ಶೇ 26ರ ಹತ್ತಿರಕ್ಕೆ ಏರುತ್ತದೆ. ಆರು ಅಂಶಗಳಷ್ಟಿರುವ ಆ ಹೆಚ್ಚುವರಿ ಪ್ರೋಟೀನ್‌ನಲ್ಲಿ ಜೀರ್ಣವಾಗದೆ ಉಳಿದ ಭಾಗವೇ ದೊಡ್ಡಕರುಳಿನಲ್ಲಿ ಕೊಳೆಯುವುದು. ವ್ಯಾಲಿನ್ ಈ ಸೂತ್ರದಲ್ಲಿ ಸ್ವಲ್ಪ ಕಡಿಮೆ ಬೀಳುತ್ತದೆ, ಅದರ ಪುಡಿ ಸಿಕ್ಕಿದರೆ 60 ಗ್ರಾಂ ಸೇರಿಸಬಹುದು. ಸಿಗದಿದ್ದರೆ ಅದಕ್ಕಾಗಿ ಸೋಯಾ ಹೆಚ್ಚಿಸಬೇಡಿ.

ಸುಣ್ಣಕಲ್ಲಿನ ಪುಡಿಯನ್ನು ಧಾರಾಳವಾಗಿ ಹಾಕುವವರು ಒಂದು ವಿಷಯ ಗಮನಿಸಬೇಕು. ಹೊಟ್ಟೆಯ ಆಮ್ಲವನ್ನು ನುಂಗುವುದರಲ್ಲಿ ಅದಕ್ಕೆ ಸಮನಾದ ಸಾಮಗ್ರಿ ಈ ಪಟ್ಟಿಯಲ್ಲಿ ಬೇರೊಂದಿಲ್ಲ. ಹುಳಿ ಕಡಿಮೆಯಿರುವ ಹೊಟ್ಟೆಗೆ ಅದು ಹೊರೆ. ಇದಕ್ಕೆ ವಿರುದ್ಧವಾಗಿ, ಒಂದು ಕೆ.ಜಿ. ಜೋಳ ಕಡಿಮೆ ಮಾಡಿ, ಕಿರಾಣಿ ಅಂಗಡಿಯಲ್ಲಿ ನಿಂಬೆಉಪ್ಪು ಎಂದು ಮಾರುವ ಸಿಟ್ರಿಕ್ ಆಮ್ಲವನ್ನು ಒಂದು ಕೆ.ಜಿ. ಸೇರಿಸಿದರೆ ಪ್ರೋಟೀನ್ ಜೀರ್ಣಕ್ಕೆ ನೆರವಾಗುತ್ತದೆ.

ಹಾಲಿನ ಪುಡಿಯ ಬೆಲೆ ಕೇಳಿ ಹಿಂದೆ ಸರಿಯುವವರಿಗೆ ಒಂದು ಲೆಕ್ಕ: ಒಂದು ಮರಿ ಎರಡು ವಾರಕ್ಕೆ ಈ ಆಹಾರವನ್ನು ತಿನ್ನುವುದು ಹೆಚ್ಚೆಂದರೆ ಮೂರೂವರೆ ಕೆ.ಜಿ. ಹತ್ತು ಮರಿಗಳ ಒಂದು ಸೂಲಿಗೆ 40 ಕೆ.ಜಿ. ಮಿಶ್ರಣ ಸಾಕು, ಅದರಲ್ಲಿ ಹಾಲಿನ ಪುಡಿ 3.2 ಕೆ.ಜಿ. ಮಾತ್ರ. ಪನೀರ್ ಮಾಡುವವರ ಬಳಿ ತಾಜಾ ಹಾಲೊಡಕು ಸಿಗುವ ಊರುಗಳಲ್ಲಿ, ಗಂಜಿ ಕಲಸಲು ನೀರಿನ ಬದಲು ಅದನ್ನೇ ಬಳಸಬಹುದು. ಬೆಳಿಗ್ಗೆ ತಂದದ್ದನ್ನು ಮಧ್ಯಾಹ್ನದೊಳಗೆ ಮುಗಿಸಬೇಕು.

ನಾಲ್ಕನೆಯ ಹೆಜ್ಜೆ: ಬೆರೆಸುವುದು

ಹೆಚ್ಚಿನ ಸೂತ್ರಗಳು ಸೋಲುವುದು ಸಲಿಕೆಯ ತುದಿಯಲ್ಲಿ. 40 ಕೆ.ಜಿ. ಆಹಾರದಲ್ಲಿ 20 ಗ್ರಾಂ ಟ್ರಿಪ್ಟೊಫಾನ್ ಸಮವಾಗಿ ಹರಡಬೇಕೆಂದರೆ ಅದನ್ನು ರಾಶಿಯ ಮೇಲೆ ಚಿಮುಕಿಸಿ ಎರಡು ಸಲ ಮಗುಚಿದರೆ ಸಾಲದು. ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ 200 ಗ್ರಾಂ ಲೈಸಿನ್, 88 ಗ್ರಾಂ ಥ್ರಿಯೊನಿನ್, 80 ಗ್ರಾಂ ಮೆಥಿಯೊನಿನ್, 20 ಗ್ರಾಂ ಟ್ರಿಪ್ಟೊಫಾನ್‌ಗಳನ್ನು ತೂಗಿ, ಒಂದು ಕೆ.ಜಿ. ನುಣ್ಣನೆಯ ಜೋಳದ ಹಿಟ್ಟಿನೊಡನೆ ಮುಚ್ಚಿದ ಡಬ್ಬಿಯಲ್ಲಿ ಐದು ನಿಮಿಷ ಕುಲುಕಬೇಕು. ಅದನ್ನು ಉಪ್ಪು, ಖನಿಜ, ಡೈಕ್ಯಾಲ್ಸಿಯಂಗಳೊಡನೆ ಐದು ಕೆ.ಜಿ. ಹಿಟ್ಟಿಗೆ ಬೆರೆಸಿ, ಆ ಮೇಲೆ ಉಳಿದ ರಾಶಿಗೆ ಸೇರಿಸಬೇಕು. ಎಣ್ಣೆಯನ್ನು ಕೊನೆಯಲ್ಲಿ ಹಾಕಬೇಕು. ಮೊದಲೇ ಹಾಕಿದರೆ ಪುಡಿಗಳು ಗಂಟು ಕಟ್ಟುತ್ತವೆ.

ಬೆರಕೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಡಬ್ಬಿಯಲ್ಲಿ ಕುಲುಕುವಾಗ ಪುಡಿಗಳ ಜೊತೆಗೆ ಒಂದು ಹಿಡಿ ಇಡೀ ರಾಗಿಕಾಳನ್ನೂ ಹಾಕುತ್ತೇನೆ. ಎಲ್ಲ ಬೆರೆಸಿದ ಮೇಲೆ ರಾಶಿಯ ಐದು ಕಡೆಯಿಂದ ಒಂದೊಂದು ಲೋಟ ತೆಗೆದು, ಮೊರದಲ್ಲಿ ಹರಡಿ ರಾಗಿಕಾಳುಗಳನ್ನು ಎಣಿಸುತ್ತೇನೆ. ಒಂದು ಲೋಟದಲ್ಲಿ ಐವತ್ತು, ಇನ್ನೊಂದರಲ್ಲಿ ಹದಿನೈದು ಸಿಕ್ಕರೆ ಮತ್ತೆ ಮಗುಚುವ ಕೆಲಸವಿದೆ ಎಂದೇ ಅರ್ಥ. ಮನೆಯವರು ಇದನ್ನು ನೋಡಿ ನಕ್ಕರೂ, ನನಗೆ ಇದಕ್ಕಿಂತ ಅಗ್ಗದ ಪ್ರಯೋಗಾಲಯ ಸಿಕ್ಕಿಲ್ಲ.

ಹಾಲಿನ ಪುಡಿ ಇರುವ ಆಹಾರ ತೇವ ಎಳೆದುಕೊಳ್ಳುವುದರಿಂದ, ಗಾಳಿಯಾಡದ ಡ್ರಮ್ಮಿನಲ್ಲಿ ತುಂಬಿ ಮೂರು ವಾರದೊಳಗೆ ಮುಗಿಸಬೇಕು.

ಐದನೆಯ ಹೆಜ್ಜೆ: ತಿನ್ನಿಸುವುದು

ಮರಿಗಳಿಗೆ ಎರಡು ವಾರ ತುಂಬುವ ಹೊತ್ತಿಗೆ, ತಾಯಿಗೆ ಎಟುಕದ ಮೂಲೆಯಲ್ಲಿ ಈ ಆಹಾರವನ್ನು ಒಂದು ಹಿಡಿಯಷ್ಟು ಇಡಲು ಆರಂಭಿಸಬೇಕು. ಅವು ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು, ಆದರೂ ರುಚಿಯ ಪರಿಚಯವಾಗಿರುತ್ತದೆ. ಬೇರ್ಪಡಿಸುವ ದಿನ ಮರಿಗಳನ್ನು ಹೊಸ ಜಾಗಕ್ಕೆ ಸಾಗಿಸದೆ, ತಾಯಿಯನ್ನೇ ಹೊರಗೆ ಕರೆದೊಯ್ಯುವುದು ಮೇಲು.

ಮೊದಲ ಮೂರು ದಿನ ಒಂದು ಪಾಲು ಆಹಾರಕ್ಕೆ ಎರಡು ಪಾಲು ಉಗುರುಬೆಚ್ಚಗಿನ ನೀರು ಸೇರಿಸಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಅಗಲವಾದ ತಗ್ಗು ತಟ್ಟೆಯಲ್ಲಿ ದಿನಕ್ಕೆ ಐದಾರು ಬಾರಿ ಇಡಬೇಕು. ಎಲ್ಲ ಮರಿಗಳೂ ಒಟ್ಟಿಗೆ ಬಾಯಿ ಹಾಕುವಷ್ಟು ಜಾಗ ತಟ್ಟೆಯಲ್ಲಿರಬೇಕು, ಏಕೆಂದರೆ ತಾಯಿಯ ಬಳಿ ಅವು ಒಟ್ಟಿಗೆ ಕುಡಿದು ಬೆಳೆದವು. ಅರ್ಧ ಗಂಟೆಯ ನಂತರ ಉಳಿದದ್ದನ್ನು ತೆಗೆದು ತಟ್ಟೆಯನ್ನು ತೊಳೆಯಬೇಕು. ನಾಲ್ಕನೆಯ ದಿನದಿಂದ ನೀರು ಕಡಿಮೆ ಮಾಡುತ್ತ ಬಂದು, ವಾರದ ಕೊನೆಗೆ ಒಣಹಿಟ್ಟಿಗೆ ತರಬೇಕು. ಹೊಟ್ಟೆ ಬೆನ್ನಿಗೆ ಹತ್ತಿದಂತೆ ಕಾಣುವ ಮರಿಯನ್ನು ಎರಡನೆಯ ದಿನವೇ ಗುರುತಿಸಿ, ಬೆರಳಿಗೆ ಗಂಜಿ ಸವರಿ ನೆಕ್ಕಿಸಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ.

ನೀರು ಕುಡಿಯದ ಮರಿ ಆಹಾರವನ್ನೂ ತಿನ್ನದು. ಮರಿಗಳು ನೀರು ಕುಡಿಯುವ ನಲ್ಲಿಯ ನಿಪ್ಪಲ್ಲಿನಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ನೀರು ಬರುತ್ತಿದ್ದರೆ ಸ್ವಚ್ಛಗೊಳಿಸಬೇಕು, ನಮ್ಮ ಕೊಳವೆಬಾವಿಗಳ ಗಡಸು ನೀರಿನಿಂದ ಅದು ಬೇಗ ಕಟ್ಟಿಕೊಳ್ಳುತ್ತದೆ. ಮಾರ್ಗಶಿರ, ಪುಷ್ಯದ ರಾತ್ರಿಗಳಲ್ಲಿ ಗೋಣಿತಾಟು ಕಟ್ಟಿ, ಬಲ್ಬು ಹಾಕಿ, ಮರಿಗಳು ಮಲಗುವ ಜಾಗವನ್ನು 28ರಿಂದ 30 ಡಿಗ್ರಿಯಷ್ಟು ಬೆಚ್ಚಗಿಡಬೇಕು. ಚಳಿಗೆ ನಡುಗುವ ಮರಿ ತಿಂದದ್ದನ್ನೆಲ್ಲ ಮೈ ಕಾಯಿಸಿಕೊಳ್ಳಲು ಸುಡುತ್ತದೆ.

ಭೇದಿ ಕಾಣಿಸಿದರೆ

ನೀರನ್ನು ನಿಲ್ಲಿಸಬಾರದು. ಔಷಧಿ ಅಂಗಡಿಯ ಓಆರ್‌ಎಸ್ ಪುಡಿಯನ್ನು ಕಲಸಿ ಬೇರೆ ತಟ್ಟೆಯಲ್ಲಿ ಇಟ್ಟು, ಆ ದಿನ ಆಹಾರವನ್ನು ಅರ್ಧಕ್ಕೆ ಇಳಿಸಬೇಕು. ಕಣ್ಣು ಗುಳಿಬಿದ್ದ ಮರಿ, ರಕ್ತಮಿಶ್ರಿತ ಭೇದಿ ಅಥವಾ ಜ್ವರ ಕಂಡರೆ ಲೆಕ್ಕದ ಪುಸ್ತಕ ಮುಚ್ಚಿ ಪಶುವೈದ್ಯರನ್ನು ಕರೆಯಬೇಕು. ಹಳೆಯ ದಾಸ್ತಾನಿನ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಔಷಧಿಯನ್ನು ಯಾರಾದರೂ ಕೊಟ್ಟರೆ ಹಾಕಬೇಡಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿಯೇ ನಿಷೇಧಿಸಿದೆ.

ಮರಿಗಳು ಚುರುಕಾಗಿದ್ದು ಭೇದಿ ಮಾತ್ರ ಇದ್ದರೆ, ಮುಂದಿನ ಮಿಶ್ರಣದಲ್ಲಿ ಪ್ರೋಟೀನನ್ನು ಇನ್ನೊಂದು ಮೆಟ್ಟಿಲು ಇಳಿಸಬಹುದು. 100 ಕೆ.ಜಿ.ಯಲ್ಲಿ 4 ಕೆ.ಜಿ. ಸೋಯಾ ಹಿಂಡಿ ತೆಗೆದು 4 ಕೆ.ಜಿ. ನುಚ್ಚಕ್ಕಿ ಹಾಕಿದರೆ ಪ್ರೋಟೀನ್ ಶೇ 19ಕ್ಕೆ ಬರುತ್ತದೆ. ಕಳೆದುಹೋದದ್ದನ್ನು ತುಂಬಲು ಲೈಸಿನ್ ಹೈಡ್ರೋಕ್ಲೋರೈಡ್ 115 ಗ್ರಾಂ, ಥ್ರಿಯೊನಿನ್ 50, ಮೆಥಿಯೊನಿನ್ 30, ಟ್ರಿಪ್ಟೊಫಾನ್ 20 ಮತ್ತು ವ್ಯಾಲಿನ್ 60 ಗ್ರಾಂ ಹೆಚ್ಚುವರಿಯಾಗಿ ಬೇಕು. ಇವನ್ನು ಸೇರಿಸದೆ ಸೋಯಾ ಮಾತ್ರ ತೆಗೆದರೆ ಭೇದಿ ನಿಲ್ಲಬಹುದು, ಬೆಳವಣಿಗೆಯೂ ನಿಲ್ಲುತ್ತದೆ.

ಎರಡನೆಯ ಹಂತ: ಒಂಬತ್ತು ಕೆ.ಜಿ.ಯಿಂದ ಇಪ್ಪತ್ತು ಕೆ.ಜಿ.ವರೆಗೆ

ಹೊಟ್ಟೆ ಹೊಂದಿಕೊಂಡ ಮೇಲೆ ಹಾಲಿನ ಸಾಮಗ್ರಿಗಳನ್ನು ಬಿಡಬಹುದು. 100 ಕೆ.ಜಿ.ಗೆ ಮುಸುಕಿನ ಜೋಳ 60.5 ಕೆ.ಜಿ., ಸೋಯಾ ಹಿಂಡಿ 27, ಗೋಧಿ ಬೂಸಾ 5, ಮೀನಿನ ಪುಡಿ ಇಲ್ಲವೇ ಎಣ್ಣೆ ತೆಗೆದ ಪ್ಯೂಪಾ ಪುಡಿ 3, ಎಣ್ಣೆ 1, ಡೈಕ್ಯಾಲ್ಸಿಯಂ ಫಾಸ್ಫೇಟ್ 1.3 ಕೆ.ಜಿ., ಸುಣ್ಣಕಲ್ಲಿನ ಪುಡಿ 600 ಗ್ರಾಂ, ಖನಿಜ ಮಿಶ್ರಣ 500 ಗ್ರಾಂ, ಉಪ್ಪು 350 ಗ್ರಾಂ, ಲೈಸಿನ್ ಹೈಡ್ರೋಕ್ಲೋರೈಡ್ 450 ಗ್ರಾಂ, ಥ್ರಿಯೊನಿನ್ 150, ಮೆಥಿಯೊನಿನ್ 130, ಟ್ರಿಪ್ಟೊಫಾನ್ 20 ಗ್ರಾಂ ಹಾಕಿದರೆ ಜೀರ್ಣವಾಗುವ ಲೈಸಿನ್ ಶೇ 1.26 ಆಗುತ್ತದೆ. ಹಳೆಯ ಆಹಾರದಿಂದ ಹೊಸದಕ್ಕೆ ನಾಲ್ಕು ದಿನಗಳಲ್ಲಿ, ದಿನಕ್ಕೆ ಕಾಲು ಭಾಗದಂತೆ ಬದಲಿಸಬೇಕು.

ಸಾಮಗ್ರಿಗಳ ಬಗ್ಗೆ ಅನುಮಾನವಿದ್ದವರು ಚಿಂತಾಮಣಿ ಬಳಿಯ ಕುರುಬೂರು, ಕೋಲಾರದ ಟಮಕ, ತುಮಕೂರು ಜಿಲ್ಲೆಯ ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಇಲ್ಲವೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಹಾಲು ಬಿಡಿಸಿದ ದಿನ, ಏಳನೆಯ ದಿನ ಮತ್ತು ಹದಿನಾಲ್ಕನೆಯ ದಿನ ಪ್ರತಿ ಮರಿಯನ್ನೂ ತೂಗಿ, ತಿಂದ ಆಹಾರದೊಡನೆ ಬರೆದಿಡಿ. ಮೊದಲ ವಾರ ದಿನಕ್ಕೆ ಸರಾಸರಿ 100 ಗ್ರಾಂ, ಎರಡನೆಯ ವಾರ 250 ಗ್ರಾಂ ಏರಿದ್ದರೆ ಸೂತ್ರವನ್ನು ಮುಟ್ಟಬೇಡಿ. ಚೆನ್ನಾಗಿ ತಿನ್ನುತ್ತಿದ್ದು, ಭೇದಿಯೂ ಇಲ್ಲದೆ, ತೂಕ ಮಾತ್ರ ಏರದಿದ್ದರೆ ಮೊದಲು ಸಂಶಯಪಡಬೇಕಾದದ್ದು ಮೀನಿನ ಪುಡಿಯನ್ನು, ಆಮೇಲೆ ಲೈಸಿನ್ ಚೀಲದ ಚೀಟಿಯನ್ನು.